ಅಡುಗೆ ಕಟ್ಟೆಗೆ ಸ್ಟಿಕ್ಕರ್: ನೀವು ಕೇಳಿದ್ದು, ನಾವು ಹೇಳಿದ್ದು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು. ಅಡುಗೆ ಕಟ್ಟೆಗೆ ಅಂಟಿಸುವ ಮಾರ್ಬಲ್ ಸ್ಟಿಕ್ಕರ್, ಅಂದರೆ ಹಿಂದೆ ಗೋಂದಿರುವ ವಿನೈಲ್ ಶೀಟ್. ಆನ್‌ಲೈನಿನಲ್ಲಿ ರೋಲ್ ಲೆಕ್ಕದಲ್ಲಿ ಸಿಗುತ್ತದೆ. ವಿಡಿಯೋದಲ್ಲಿ ನೋಡಿದರೆ ಕರಿ ಕಟ್ಟೆ ಕಣ್ಣೆದುರೇ ಬೆಳ್ಳಗಾಗಿಬಿಡುತ್ತದೆ. ಆದರೆ ಆ ವಿಡಿಯೋದಲ್ಲಿ ಯಾರೂ ಕುಕ್ಕರ್ ಇಳಿಸುವುದಿಲ್ಲ, ಮುದ್ದೆ ಕಟ್ಟುವುದಿಲ್ಲ, ಬೋರ್‌ವೆಲ್ ನೀರಲ್ಲಿ ಪಾತ್ರೆ ತೊಳೆಯುವುದಿಲ್ಲ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇವೆ. ಹೆಸರು ಹಾಕಬೇಡಿ ಅಂತ ಕೆಲವರು ಕೇಳಿದ್ದಾರೆ, ಹಾಗಾಗಿ ಯಾರದ್ದೂ ಹಾಕಿಲ್ಲ.

ಪ್ರಶ್ನೆ: ನಾವು ತುಮಕೂರಿನ ಕ್ಯಾತ್ಸಂದ್ರದಲ್ಲಿ ಬಾಡಿಗೆಗೆ ಇದ್ದೇವೆ. ಹಳೆ ಮನೆ. ಅಡುಗೆ ಕಟ್ಟೆ ಕಡಪ ಕಲ್ಲಿನದು. ಪಾಲಿಶ್ ಹೋಗಿ ಬೂದು ಬೂದಾಗಿದೆ, ಎಷ್ಟು ಉಜ್ಜಿದರೂ ಗಲೀಜಾಗಿಯೇ ಕಾಣುತ್ತದೆ. ಬಿಳಿ ಮಾರ್ಬಲ್ ಡಿಸೈನಿನ ಸ್ಟಿಕ್ಕರ್ ತರಿಸಿದ್ದೇನೆ, ಇನ್ನೂ ರೋಲ್ ಬಿಚ್ಚಿಲ್ಲ. ನಮ್ಮ ಯಜಮಾನರು ದುಡ್ಡು ದಂಡ ಅಂತಾರೆ. ಅಂಟಿಸಲಾ, ವಾಪಸ್ ಕಳಿಸಲಾ?

ಉತ್ತರ: ವಾಪಸ್ ಬೇಡ. ಆದರೆ ಇಡೀ ಕಟ್ಟೆಗೂ ಅಂಟಿಸಬೇಡಿ. ಒಲೆ ಇಡುವ ಜಾಗ ಮತ್ತು ಅದರ ಎರಡೂ ಪಕ್ಕ ಒಂದೊಂದು ಅಡಿ ಬಿಡಿ. ಸಿಂಕಿನ ಸುತ್ತ ನಾಲ್ಕು ಬೆರಳು ಬಿಡಿ. ಉಳಿದದ್ದಕ್ಕೆ ಮಾತ್ರ ಹಾಕಿ. ಬಿಸಿ ಮತ್ತು ನೀರು, ಇವೆರಡೇ ಇದರ ಶತ್ರು. ಅವೆರಡೂ ಇಲ್ಲದ ಕಡೆ ಸ್ಟಿಕ್ಕರ್ ಚೆನ್ನಾಗಿಯೇ ಬಾಳುತ್ತದೆ. ಅರ್ಧ ಕಪ್ಪು ಅರ್ಧ ಬಿಳಿ ಚೆನ್ನಾಗಿ ಕಾಣಲ್ಲ ಅಂತ ಅನ್ನಿಸಬಹುದು. ಗೆರೆ ಹೊಡೆದ ಹಾಗೆ ನೇರವಾಗಿ ಕತ್ತರಿಸಿದರೆ ಬೇಕಂತಲೇ ಹಾಗೆ ಮಾಡಿಸಿದ್ದು ಅಂದುಕೊಳ್ಳುತ್ತಾರೆ.

ಕಡಪ ಕಲ್ಲು ಸುಣ್ಣದ ಕಲ್ಲಿನ ಜಾತಿ. ಗ್ರಾನೈಟ್ ಅಲ್ಲ. ಪಾಲಿಶ್ ಹೋದ ಮೇಲೆ ಎಣ್ಣೆ, ನೀರು ಎರಡನ್ನೂ ಕುಡಿಯುತ್ತದೆ. ಒಂದು ಹನಿ ನೀರು ಬಿಟ್ಟು ನೋಡಿ. ಸ್ವಲ್ಪ ಹೊತ್ತಿನಲ್ಲಿ ಆ ಜಾಗ ಗಾಢವಾದರೆ ಕಲ್ಲು ಕುಡಿಯುತ್ತಿದೆ ಅಂತ ಅರ್ಥ. ವರ್ಷಗಟ್ಟಲೆ ಒಗ್ಗರಣೆ ಎಣ್ಣೆ ಕುಡಿದ ಕಲ್ಲಿನ ಮೇಲೆ ಯಾವ ಗೋಂದೂ ನಿಲ್ಲಲ್ಲ. ಹಾಗಾಗಿ ಅರ್ಧಕ್ಕಿಂತ ಜಾಸ್ತಿ ಕೆಲಸ ಇರುವುದು ತೊಳೆಯುವುದರಲ್ಲಿ, ಅಂಟಿಸುವುದರಲ್ಲಿ ಅಲ್ಲ.

ಬಿಸಿನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಎರಡು ಮೂರು ಸಲ ಉಜ್ಜಿ. ಜಿಡ್ಡು ಹೋಗದಿದ್ದರೆ ವಾಷಿಂಗ್ ಸೋಡಾ. ನಿಂಬೆಹಣ್ಣು, ವಿನೆಗರ್, ಬಾತ್‌ರೂಮ್ ಆಸಿಡ್ ಇವನ್ನು ಕಡಪ ಕಲ್ಲಿನ ಹತ್ತಿರಕ್ಕೂ ತರಬೇಡಿ. ಹುಳಿ ಬಿದ್ದರೆ ಸುಣ್ಣದ ಕಲ್ಲು ಕರಗುತ್ತದೆ, ಮೇಲ್ಮೈ ಪುಡಿ ಪುಡಿ ಆಗುತ್ತದೆ, ಆಮೇಲೆ ಗೋಂದು ಕಲ್ಲಿಗೆ ಅಂಟುವ ಬದಲು ಆ ಪುಡಿಗೆ ಅಂಟುತ್ತದೆ. ತೊಳೆದ ಮೇಲೆ ಒಂದು ರಾತ್ರಿ ಫ್ಯಾನ್ ಕೆಳಗೆ ಒಣಗಲಿ. ಒಣಗಿದೆ ಅಂತ ಕಂಡರೂ ಕಲ್ಲಿನ ಒಳಗೆ ತೇವ ಇರುತ್ತದೆ. ಗುಂಡಿ, ಚಕ್ಕೆ ಎದ್ದ ಕಡೆ ಎಂ-ಸೀಲ್ ತುಂಬಿ, ಒಣಗಿದ ಮೇಲೆ ಉಪ್ಪುಕಾಗದದಲ್ಲಿ ಉಜ್ಜಿ ಸಮ ಮಾಡಿ. ಇಲ್ಲದಿದ್ದರೆ ಪ್ರತಿ ಗುಂಡಿಯೂ ಬಿಳಿ ಹಾಳೆ ಮೇಲೆ ಎದ್ದು ಕಾಣುತ್ತದೆ. ಕೊನೆಗೆ ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಸ್ಪಿರಿಟ್‌ನಲ್ಲಿ ಒಂದು ಸಲ ಒರೆಸಿ. ಒಲೆ ಆರಿಸಿ, ಕಿಟಕಿ ತೆಗೆದು ಒರೆಸಿ, ಅದು ಬೇಗ ಬೆಂಕಿ ಹಿಡಿಯುವ ವಸ್ತು.

ಇನ್ನು ಅಂಟಿಸುವುದು. ಒಬ್ಬರೇ ಮಾಡಬೇಡಿ, ದುಡ್ಡು ದಂಡ ಅಂದ ಯಜಮಾನರನ್ನೇ ಇನ್ನೊಂದು ತುದಿ ಹಿಡಿಯಲು ನಿಲ್ಲಿಸಿ. ಎಲ್ಲ ಕಡೆಯೂ ಎರಡು ಇಂಚು ಜಾಸ್ತಿ ಬಿಟ್ಟು ಕತ್ತರಿಸಿ. ಗೋಡೆ ಕಡೆಯಿಂದ ಶುರು ಮಾಡಿ. ಹಿಂದಿನ ಕಾಗದವನ್ನು ಪೂರ್ತಿ ಸುಲಿಯಬೇಡಿ, ಒಂದು ಗೇಣು ಸುಲಿಯಿರಿ, ಅಷ್ಟನ್ನು ಕೂರಿಸಿ, ಆಮೇಲೆ ಮುಂದಿನ ಗೇಣು. ಹಳೆ ಎಟಿಎಂ ಕಾರ್ಡಿಗೆ ಮೆತ್ತನೆ ಬಟ್ಟೆ ಸುತ್ತಿ ನಡುವಿನಿಂದ ಅಂಚಿನ ಕಡೆಗೆ ತಳ್ಳುತ್ತಾ ಬನ್ನಿ. ಗಾಳಿ ಗುಳ್ಳೆ ಉಳಿದರೆ ಸೂಜಿಯಲ್ಲಿ ಚುಚ್ಚಿ ಒತ್ತಿ. ಸೊಟ್ಟ ಹೋದರೆ ಎತ್ತಿ ಮತ್ತೆ ಹಾಕಿ, ಆದರೆ ಎಳೆದು ಸರಿ ಮಾಡಲು ಹೋಗಬೇಡಿ. ಎಳೆದು ಅಂಟಿಸಿದ ವಿನೈಲ್ ಕೆಲವೇ ದಿನದಲ್ಲಿ ತನ್ನ ಅಳತೆಗೆ ವಾಪಸ್ ಹೋಗುತ್ತದೆ, ಅಂಚಿನಲ್ಲಿ ಕಲ್ಲು ಇಣುಕುತ್ತದೆ.

ಕಟ್ಟೆಯ ಮುಂದಿನ ಅಂಚೇ ಪರೀಕ್ಷೆ. ದಿನಾ ಹೊಟ್ಟೆ, ಸೀರೆ, ಒರೆಸುವ ಬಟ್ಟೆ ಎಲ್ಲ ಉಜ್ಜುವುದು ಅಲ್ಲೇ. ಅಲ್ಲಿಗೇ ನಿಲ್ಲಿಸಿ ಕತ್ತರಿಸಿದರೆ ವಾರದಲ್ಲಿ ಏಳುತ್ತದೆ. ಹೇರ್ ಡ್ರೈಯರ್‌ನಲ್ಲಿ ಸ್ವಲ್ಪ ಬೆಚ್ಚಗೆ ಮಾಡಿ, ಕಲ್ಲಿನ ಮುಖ ದಾಟಿಸಿ, ಅಡಿಗೆ ಒಂದು ಇಂಚಾದರೂ ಮಡಚಿ ಅಂಟಿಸಿ. ಆ ಅಡಿಭಾಗವನ್ನೂ ಮೊದಲೇ ತೊಳೆದಿರಬೇಕು. ಅದನ್ನು ಎಲ್ಲರೂ ಮರೆಯುತ್ತಾರೆ. ಎರಡು ಹಾಳೆ ಸೇರುವ ಕಡೆ ಅರ್ಧ ಇಂಚು ಒಂದರ ಮೇಲೊಂದು ಬರಲಿ, ಜೋಡಣೆ ಸಿಂಕಿನಿಂದ ದೂರ ಇರಲಿ. ಒಂದು ದಿನ ನೀರು ಸೋಕಿಸಬೇಡಿ.

ಮನೆ ಮಾಲೀಕರಿಗೆ ಮೊದಲೇ ಒಂದು ಮಾತು ಹೇಳಿ, ಈಗಿನ ಕಟ್ಟೆಯ ಫೋಟೋ ತೆಗೆದಿಟ್ಟುಕೊಳ್ಳಿ. ಅಡ್ವಾನ್ಸ್ ವಾಪಸ್ ಕೇಳುವ ದಿನ ಆ ಫೋಟೋ ಬೇಕಾಗುತ್ತದೆ.

ಪ್ರಶ್ನೆ: ಚಿಂತಾಮಣಿ ಹತ್ತಿರದ ಹಳ್ಳಿ ನಮ್ಮದು. ನಮ್ಮತ್ತೆ ಕಟ್ಟೆ ಮೇಲೆ ನೀರು ಸವರಿ ಅಲ್ಲೇ ಮುದ್ದೆ ಕಟ್ಟುತ್ತಾರೆ, ಮೊದಲಿಂದಲೂ ಅದೇ ಅಭ್ಯಾಸ. ಸ್ಟಿಕ್ಕರ್ ಹಾಕಿದ ಮೇಲೆ ಬೇಡ ಅಂದೆ, ಮುಖ ಊದಿಸಿಕೊಂಡಿದ್ದಾರೆ. ಪ್ಲಾಸ್ಟಿಕ್ ಮೇಲೆ ಕಟ್ಟಿದರೆ ನಿಜವಾಗಲೂ ಏನಾದರೂ ಆಗುತ್ತಾ? ಇನ್ನೊಂದು, ಮುದ್ದೆ ಪಾತ್ರೆ ಇಳಿಸಿದ ಕಡೆ ಬಳೆ ಥರ ಒಂದು ಗುರುತು ಬಿದ್ದಿದೆ. ಹೋಗುತ್ತಾ?

ಉತ್ತರ: ಗುರುತು ಹೋಗಲ್ಲ. ಅದು ಕರೆ ಅಲ್ಲ, ಸುಟ್ಟ ಗಾಯ. ವಿನೈಲ್ ಅಂದರೆ ಪಿವಿಸಿ. ನಮ್ಮ ಮನೆ ನೀರಿನ ಪೈಪಿನಂಥ ಗಟ್ಟಿ ಪಿವಿಸಿಯೇ 80 ಡಿಗ್ರಿ ಆಸುಪಾಸಿನಲ್ಲಿ ಮೆತ್ತಗಾಗಲು ಶುರುವಾಗುತ್ತದೆ. ಸ್ಟಿಕ್ಕರ್‌ನಲ್ಲಿರುವ ಬಳುಕುವ ಪಿವಿಸಿ ಅದಕ್ಕೂ ಮುಂಚೆಯೇ ಸೋಲುತ್ತದೆ. ನಿಮ್ಮ ಊರಿನ ಎತ್ತರದಲ್ಲಿ ನೀರು ಕುದಿಯುವುದೇ ಸುಮಾರು 97 ಡಿಗ್ರಿಗೆ. ಕೂಗುತ್ತಿರುವ ಕುಕ್ಕರಿನ ಒಳಗೆ 120ರ ಹತ್ತಿರ ಇರುತ್ತದೆ. ರೊಟ್ಟಿ ಹೆಂಚಿನ ಲೆಕ್ಕವೇ ಬೇಡ. ಶೀಟಿನ ಪ್ಯಾಕೆಟ್ ಮೇಲೆ ಹೀಟ್ ಪ್ರೂಫ್ ಅಂತ ಬರೆದಿದ್ದರೆ ಬಿಸಿ ಕಾಫಿ ಲೋಟ ಇಡಬಹುದು ಅಂತ ಮಾತ್ರ ಅರ್ಥ ಮಾಡಿಕೊಳ್ಳಿ.

ಗುರುತಿಗೆ ತೇಪೆ ಹಾಕಬಹುದು. ಉಳಿದ ತುಂಡಿನಲ್ಲಿ ಡಿಸೈನಿನ ಗೆರೆ ಸರಿಹೊಂದುವ ಜಾಗ ಹುಡುಕಿ, ಗುರುತಿಗಿಂತ ದೊಡ್ಡದಾಗಿ ಕತ್ತರಿಸಿ, ಸುಟ್ಟ ಜಾಗದ ಮೇಲಿಟ್ಟು ಟೇಪಿನಲ್ಲಿ ಹಿಡಿಸಿ. ಹೊಸ ಬ್ಲೇಡಿನಲ್ಲಿ ಎರಡೂ ಪದರ ಒಟ್ಟಿಗೆ ಕತ್ತರಿಸಿ. ಕೆಳಗಿನ ಸುಟ್ಟ ತುಂಡು ತೆಗೆದರೆ ಹೊಸದು ಅದೇ ಅಳತೆಗೆ ಕೂರುತ್ತದೆ. ಗೆರೆಯ ಮೇಲೆ ಗೆರೆ ಬರುವಂತೆ ಕತ್ತರಿಸಿದರೆ ಜೋಡಣೆ ಕಣ್ಣಿಗೆ ಬೀಳುವುದೇ ಇಲ್ಲ. ಕೈ ಹಗುರ ಇರಲಿ, ಕೆಳಗೆ ಕಡಪ ಕಲ್ಲಿದ್ದರೆ ಗೀಚು ಬೀಳುತ್ತದೆ.

ಮುದ್ದೆ ವಿಷಯಕ್ಕೆ ಬಂದರೆ, ನಾನು ನಿಮ್ಮತ್ತೆ ಪಕ್ಷ. ಸ್ಟಿಕ್ಕರ್ ಮೇಲೆ ಮುದ್ದೆ ಕಟ್ಟಬಾರದು ಅನ್ನುವುದು ಸರಿ. ಅದು ಊಟಕ್ಕೆ ಅಂತ ಮಾಡಿದ ಪ್ಲಾಸ್ಟಿಕ್ ಅಲ್ಲ, ಅದರಲ್ಲಿ ಮೆತ್ತಗಾಗಿಸುವ ಎಣ್ಣೆಯಂಥ ರಾಸಾಯನಿಕ ಇರುತ್ತದೆ, ಮೇಲೆ ಪ್ರಿಂಟಿನ ಇಂಕು. ಒಲೆಯಿಂದ ಇಳಿಸಿದ ಬಿಸಿ ಹಿಟ್ಟನ್ನು ಅದರ ಮೇಲೆ ಹಾಕಿ ಅಂಗೈಯಲ್ಲಿ ಒತ್ತಿ ಉರುಳಿಸುವುದು ಬೇಡವೇ ಬೇಡ. ಚಪಾತಿ, ಒಬ್ಬಟ್ಟು ಲಟ್ಟಿಸುವುದಕ್ಕೂ ಇದೇ ಮಾತು. ಆದರೆ ಕಲ್ಲಿನ ಮೇಲೆ ಮುದ್ದೆ ಕಟ್ಟುವುದರಲ್ಲಿ ಏನು ತಪ್ಪಿದೆ? ತಣ್ಣನೆ ಕಲ್ಲು, ಒದ್ದೆ ಕಲ್ಲು, ಕೈಗೆ ಸುಡುವುದು ಕಡಿಮೆ, ಮುದ್ದೆ ನುಣ್ಣಗೆ ಬರುತ್ತದೆ. ಅವರು ಕಟ್ಟುವ ಜಾಗದಲ್ಲಿ ಎರಡು ಅಡಿ ಸ್ಟಿಕ್ಕರ್ ಕಿತ್ತು ಕಲ್ಲು ಬಿಟ್ಟುಕೊಡಿ. ಅಥವಾ ಒಂದು ಮರದ ಮಣೆ ತಂದುಕೊಡಿ, ಆದರೆ ಕೇಳಿ ತನ್ನಿ. ಪಾತ್ರೆ ಇಳಿಸಲು ಮಣೆಯ ಮೇಲೊಂದು ಸಿಂಬೆ ಇಟ್ಟರೆ ಸಾಕು. ಬರೀ ಬಟ್ಟೆ ಸಿಂಬೆ ನಂಬಬೇಡಿ, ಬಿಸಿ ನಿಧಾನಕ್ಕೆ ಇಳಿಯುತ್ತದೆ.

ಪ್ರಶ್ನೆ: ಬಂಗಾರಪೇಟೆಯಿಂದ. ನಮ್ಮದು ಗ್ರಾನೈಟ್ ಕಟ್ಟೆ. ದೀಪಾವಳಿಗೆ ಮುಂಚೆ ಸ್ಟಿಕ್ಕರ್ ಹಾಕಿದೆವು. ಸಿಂಕ್ ಪಕ್ಕ ಅಂಚು ಎದ್ದಿದೆ, ಕೆಳಗೆ ಕಪ್ಪಗೆ ಏನೋ ಕೂತಿದೆ, ಮುಗ್ಗಲು ವಾಸನೆ. ಫೆವಿಕ್ವಿಕ್ ಹಾಕಿ ಒತ್ತಿದೆ. ಈಗ ಅಂಚು ಮುಳ್ಳಿನ ಥರ ಗಟ್ಟಿಯಾಗಿ ನಿಂತಿದೆ, ಕೈಗೆ ಚುಚ್ಚುತ್ತೆ. ಏನು ಮಾಡಲಿ?

ಉತ್ತರ: ಆ ಭಾಗ ಕಿತ್ತು ಹಾಕಿ. ಫೆವಿಕ್ವಿಕ್ ಒಣಗಿದರೆ ಗಾಜಿನಂತೆ ಪೆಡಸು, ವಿನೈಲ್ ಬಳುಕುವಂಥದ್ದು, ಎರಡಕ್ಕೂ ಆಗಿಬರಲ್ಲ. ಕಪ್ಪಗಿರುವುದು ಬೂಷ್ಟು. ಅಂಚಿನಲ್ಲಿ ಕೂದಲೆಳೆಯಷ್ಟು ಸಂದು ಸಿಕ್ಕರೂ ಸೋಪು ನೀರು ಒಳಗೆ ಹೀರಿಕೊಂಡು ಹೋಗುತ್ತದೆ, ಮೇಲೆ ಪ್ಲಾಸ್ಟಿಕ್ ಇರುವುದರಿಂದ ಒಣಗುವುದಿಲ್ಲ. ಅಲ್ಲಿ ಬೂಷ್ಟು ಬೆಳೆಯದೆ ಇನ್ನೇನು ಬೆಳೆಯುತ್ತೆ. ಹಾಗಾಗಿ ಮೇಲಿಂದ ಒತ್ತಿ ಮುಚ್ಚುವುದು ಪರಿಹಾರವಲ್ಲ, ಒಳಗಿನ ತೇವವನ್ನು ಬಂದ್ ಮಾಡಿಟ್ಟಂತೆ ಆಗುತ್ತದೆ.

ಸಿಂಕಿನ ಸುತ್ತ ನಾಲ್ಕೈದು ಇಂಚು ಅಳೆದು, ಸ್ಕೇಲ್ ಇಟ್ಟು ನೇರವಾಗಿ ಕತ್ತರಿಸಿ ತೆಗೆಯಿರಿ. ಬೂಷ್ಟಿಗೆ ಬ್ಲೀಚ್ ತೆಳ್ಳಗೆ ಮಾಡಿ ಹಚ್ಚಿ, ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಒಂದು ಎಚ್ಚರಿಕೆ, ಇದನ್ನು ಉದಾಸೀನ ಮಾಡಬೇಡಿ. ಬ್ಲೀಚ್ ಜೊತೆ ವಿನೆಗರ್ ಆಗಲಿ, ಟಾಯ್ಲೆಟ್ ತೊಳೆಯುವ ಆಸಿಡ್ ಆಗಲಿ ಸೇರಿಸಲೇಬಾರದು. ಕ್ಲೋರಿನ್ ಗಾಳಿ ಏಳುತ್ತದೆ, ಎದೆ ಹಿಡಿದುಕೊಳ್ಳುತ್ತದೆ. ಒಂದು ದಿನ ಬ್ಲೀಚ್ ಕೆಲಸ ಮುಗಿಸಿ ಚೆನ್ನಾಗಿ ತೊಳೆಯಿರಿ. ಇನ್ನೊಂದು ದಿನ ಉಪ್ಪು ಕರೆ ಕೆಲಸ.

ಉಪ್ಪು ಕರೆ ಏಕೆಂದರೆ, ನಿಮ್ಮ ಕಡೆ ಬೋರ್‌ವೆಲ್ ನೀರು ಎಷ್ಟು ಗಡಸು ಅಂತ ನಿಮಗೇ ಗೊತ್ತು. ಕೋಲಾರ, ಚಿಕ್ಕಬಳ್ಳಾಪುರ ಕಡೆ ಬಹಳ ಆಳದಿಂದ ಎತ್ತುವ ನೀರು ನಲ್ಲಿ ಬುಡದಲ್ಲಿ, ಸಿಂಕ್ ಸುತ್ತ ಬಿಳಿ ಪೊರೆ ಕಟ್ಟುತ್ತದೆ. ಸ್ಟಿಕ್ಕರ್ ಆ ಪೊರೆಗೆ ಅಂಟಿರುತ್ತದೆ, ಪೊರೆ ಬಿಟ್ಟಾಗ ಸ್ಟಿಕ್ಕರೂ ಬಿಡುತ್ತದೆ. ಎಷ್ಟೋ ಮನೆಯಲ್ಲಿ ಗೋಂದು ಸರಿ ಇಲ್ಲ ಅಂತ ಕಂಪನಿಯನ್ನು ಬೈಯುತ್ತಾರೆ, ತಪ್ಪು ನೀರಿನದ್ದು. ನಿಮ್ಮದು ಗ್ರಾನೈಟ್ ಆದ್ದರಿಂದ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಬಟ್ಟೆ ಅದ್ದಿ ಐದು ನಿಮಿಷ ಇಟ್ಟು, ಉಜ್ಜಿ, ತೊಳೆಯಬಹುದು. ಮೇಲೆ ಕ್ಯಾತ್ಸಂದ್ರದವರಿಗೆ ಬೇಡ ಅಂದದ್ದು ಕಡಪ ಕಲ್ಲಿಗೆ.

ಸಿಂಕ್ ಸುತ್ತ ಮತ್ತೆ ಸ್ಟಿಕ್ಕರ್ ಹಾಕಬೇಡಿ. ಕತ್ತರಿಸಿದ ಅಂಚಿಗೆ ಪಾರದರ್ಶಕ ಸಿಲಿಕಾನ್ ಎಳೆಯಿರಿ. ಎರಡೂ ಪಕ್ಕ ಮಾಸ್ಕಿಂಗ್ ಟೇಪ್ ಅಂಟಿಸಿ, ಸಣ್ಣ ಗೆರೆಯಾಗಿ ಬಿಟ್ಟು, ಸೋಪು ನೀರಲ್ಲಿ ಅದ್ದಿದ ಬೆರಳಿನಿಂದ ಸವರಿ, ಅದು ಹಸಿ ಇರುವಾಗಲೇ ಟೇಪ್ ತೆಗೆಯಿರಿ. ಒಂದು ದಿನ ಒಣಗಲಿ. ಬೂಷ್ಟು ನಿರೋಧಕ ಸ್ಯಾನಿಟರಿ ಸಿಲಿಕಾನ್ ಅಂತ ಕೇಳಿದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಕೊಡುತ್ತಾರೆ. ಕಡಪ, ಮಾರ್ಬಲ್ ಕಟ್ಟೆ ಇರುವವರು ನ್ಯೂಟ್ರಲ್ ಸಿಲಿಕಾನ್ ಕೇಳಿ. ಮಾಮೂಲಿಯದ್ದು ಒಣಗುವಾಗ ವಿನೆಗರ್ ವಾಸನೆ ಬರುತ್ತೆ ಅಲ್ವಾ, ಆ ಹುಳಿ ಕಲ್ಲನ್ನು ತಿನ್ನುತ್ತದೆ.

ಒಂದು ಮಾತು ಕೇಳದೆ ಇರಲು ಆಗುತ್ತಿಲ್ಲ. ಗ್ರಾನೈಟ್ ಇರುವವರು ಅದರ ಮೇಲೆ ಪ್ಲಾಸ್ಟಿಕ್ ಯಾಕೆ ಅಂಟಿಸುತ್ತೀರಿ? ಮಂಕಾಗಿದ್ದರೆ ಮನೆಗೇ ಮೆಷಿನ್ ತಂದು ಪಾಲಿಶ್ ಮಾಡಿಕೊಡುವವರು ಇದ್ದಾರೆ. ಒಂದು ಸಲ ವಿಚಾರಿಸಿ.

ಪ್ರಶ್ನೆ: ತುಮಕೂರು ಬಿ.ಎಚ್. ರಸ್ತೆ ಕಡೆ ರೇಡಿಯಂ ಅಂಗಡಿಯವರೊಬ್ಬರು ಗೊತ್ತು. ಗಾಡಿಗೆ ಹಾಕುವ ವಿನೈಲನ್ನೇ ನಿಮ್ಮ ಕಟ್ಟೆಗೂ ಹಾಕಿಕೊಡ್ತೀನಿ, ಬೇಕಾದ ಡಿಸೈನ್ ಪ್ರಿಂಟ್ ಹೊಡೆದುಕೊಡ್ತೀನಿ ಅಂತಾರೆ. ಆನ್‌ಲೈನ್ ರೋಲ್ ಒಳ್ಳೆಯದಾ, ಇದಾ?

ಉತ್ತರ: ಅವರ ಕೈ ಒಳ್ಳೆಯದು. ಮಾಲು ಯಾವುದು ಅಂತ ಕೇಳಬೇಕು.

ವಿನೈಲ್‌ನಲ್ಲಿ ಎರಡು ಜಾತಿ. ಕಾಸ್ಟ್ ಅನ್ನುವುದನ್ನು ದ್ರವವಾಗಿ ಹರಡಿ ಕಾಯಿಸಿ ಮಾಡುತ್ತಾರೆ. ತೆಳ್ಳಗಿರುತ್ತದೆ, ಸುಮಾರು 50 ಮೈಕ್ರಾನ್, ಡೊಂಕುಗಳಿಗೆ ಚೆನ್ನಾಗಿ ಬಾಗುತ್ತದೆ, ಕುಗ್ಗುವುದಿಲ್ಲ ಅನ್ನುವಷ್ಟು ಕಡಿಮೆ. ಬೆಲೆ ಜಾಸ್ತಿ. ಇನ್ನೊಂದು ಕ್ಯಾಲೆಂಡರ್ಡ್. ಬಿಸಿ ರೋಲರ್‌ಗಳ ನಡುವೆ ಒತ್ತಿ ಎಳೆದು ಮಾಡಿದ್ದು. ದಪ್ಪ ಇರುತ್ತದೆ, ಅಗ್ಗ, ಆದರೆ ಎಳೆದು ಮಾಡಿದ್ದರಿಂದ ವರ್ಷ ಕಳೆದಂತೆ ಕುಗ್ಗುತ್ತದೆ. ಬೋರ್ಡು, ಬ್ಯಾನರ್ ಸ್ಟಿಕ್ಕರ್‌ಗೆ ಬಳಸುವುದು ಬಹುತೇಕ ಇದನ್ನೇ. ಆನ್‌ಲೈನಿನ ಅಗ್ಗದ ಕಿಚನ್ ರೋಲ್‌ಗಳೂ ಈ ಜಾತಿಯೇ. ದಪ್ಪ ಇದ್ದರೆ ಗಟ್ಟಿ ಅಂತ ನಂಬುತ್ತೇವಲ್ಲ, ಇಲ್ಲಿ ಅದು ಪೂರ್ತಿ ನಿಜವಲ್ಲ. ಸಮತಟ್ಟಾದ ಕಟ್ಟೆಗೆ ದಪ್ಪದ್ದು ಲಾಭ, ಕೆಳಗಿನ ಉಬ್ಬುತಗ್ಗು ಮುಚ್ಚುತ್ತದೆ. ದುಂಡಗಿನ ಅಂಚಿಗೆ, ಮೂಲೆಗೆ ತೆಳ್ಳಗಿನದೇ ಬೇಕು.

ಪ್ರಿಂಟ್ ಹೊಡೆಸಿದರೆ ಮೇಲೆ ಲ್ಯಾಮಿನೇಷನ್ ಮಾಡಿಸಲೇಬೇಕು. ಇಲ್ಲದಿದ್ದರೆ ಸ್ಕ್ರಬ್ಬರ್ ಒಂದು ಸಲ ಹೋದರೆ ಡಿಸೈನೂ ಹೋಗುತ್ತದೆ. ಮ್ಯಾಟ್ ಲ್ಯಾಮಿನೇಷನ್ ಕೇಳಿ, ಹೊಳೆಯುವುದರಲ್ಲಿ ಪ್ರತಿ ಗೀಚೂ ಕಾಣುತ್ತದೆ. ಕೆಲವರು ಸೋಪು ನೀರು ಚಿಮುಕಿಸಿ ಅಂಟಿಸುತ್ತಾರೆ, ಜಾರಿಸಿ ಸರಿ ಮಾಡಲು ಸುಲಭ ಅಂತ. ಗಾಜಿಗೆ ಅದು ಸರಿ. ಗೋಂದಿನಲ್ಲಿ ಸಣ್ಣ ಗಾಳಿ ಕಾಲುವೆ ಇರುವ ಶೀಟಿಗೆ ಅದು ಬೇಡ, ನೀರು ಕಾಲುವೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಶೀಟಿನ ಹಿಂದೆ ಸಣ್ಣ ಚೌಕ ಚೌಕದ ಗೆರೆ ಕಂಡರೆ ಅದು ಆ ಥರದ್ದು. ಒಣಗಿಯೇ ಅಂಟಿಸಲು ಹೇಳಿ.

ಅವರನ್ನು ಕರೆಸುವುದೇ ಆದರೆ ಕಟ್ಟೆಗಿಂತ ಕಪಾಟಿನ ಬಾಗಿಲುಗಳಿಗೆ ಹಾಕಿಸಿ. ಬಿಸಿ ಇಲ್ಲ, ನೀರು ನಿಲ್ಲಲ್ಲ. ಇದೇ ಸ್ಟಿಕ್ಕರ್ ಅಲ್ಲಿ ವರ್ಷಗಟ್ಟಲೆ ನಿಲ್ಲುತ್ತದೆ, ಅಡುಗೆಮನೆಯ ರೂಪ ಬದಲಾಗುವುದೂ ಬಾಗಿಲುಗಳಿಂದಲೇ.

ಪ್ರಶ್ನೆ: ಗೌರಿಬಿದನೂರಿನಿಂದ. ಬಚ್ಚಲುಮನೆಯಲ್ಲಿ ವಾಶ್‌ಬೇಸಿನ್ ಕೂರಿಸಿರುವ ಪ್ಲೈವುಡ್ ಕಟ್ಟೆಯ ಸನ್‌ಮೈಕಾ ಅಂಚು ಎದ್ದಿದೆ. ಅದರ ಮೇಲೆ ವಿನೈಲ್ ಹಾಕಬಹುದಾ?

ಉತ್ತರ: ಬೆರಳಿನಲ್ಲಿ ಒತ್ತಿ ನೋಡಿ. ಮೆತ್ತಗಿದ್ದರೆ, ಉಬ್ಬಿದ್ದರೆ ಪ್ಲೈ ಆಗಲೇ ನೀರು ಕುಡಿದಿದೆ. ಅದರ ಮೇಲೆ ಏನು ಹಾಕಿದರೂ ಒಳಗಿನ ನೀರನ್ನು ಮುಚ್ಚಿಟ್ಟಂತೆ, ಇನ್ನೂ ಬೇಗ ಕೊಳೆಯುತ್ತದೆ. ಬಡಗಿಯನ್ನು ಕರೆಸಿ, ಇಲ್ಲವೇ ಅಲ್ಲಿ ಒಂದು ಕಲ್ಲು ಕೂರಿಸಿ. ಪ್ಲೈ ಗಟ್ಟಿ ಇದ್ದರೆ ಎದ್ದ ಸನ್‌ಮೈಕಾ ಫೆವಿಕಾಲ್ ಹಾಕಿ ಕೂರಿಸಿ, ಒಣಗಿದ ಮೇಲೆ ವಿನೈಲ್ ಹಾಕಿ, ಬೇಸಿನ್ ಸುತ್ತ ಸಿಲಿಕಾನ್ ಎಳೆಯಿರಿ. ಬಿಸಿನೀರಿನ ಹಬೆ ಹೊರಗೆ ಹೋಗಲು ಕಿಟಕಿಯೋ ಎಕ್ಸಾಸ್ಟ್ ಫ್ಯಾನೋ ಇರಲಿ. ಉಳಿದ ತುಂಡನ್ನು ಬಚ್ಚಲು ನೆಲಕ್ಕೆ ಅಂಟಿಸುವ ಯೋಚನೆ ಬಂದರೆ ಬಿಟ್ಟುಬಿಡಿ. ಒದ್ದೆಯಾದರೆ ಜಾರುತ್ತದೆ, ಮನೆಯಲ್ಲಿ ವಯಸ್ಸಾದವರು ಇರುತ್ತಾರೆ.

ಪ್ರಶ್ನೆ: ಮಾಲೂರಿನಲ್ಲಿ ತಾತನ ಕಾಲದ ಮನೆ. ಅಡುಗೆ ಕಟ್ಟೆ ರೆಡ್ ಆಕ್ಸೈಡ್ ಹಾಕಿದ್ದು. ಅಲ್ಲಲ್ಲಿ ಬಿರುಕು. ಸ್ಟಿಕ್ಕರ್ ಹಾಕಿ ಮುಚ್ಚೋಣ ಅಂತ.

ಉತ್ತರ: ಬೇಡ. ರೆಡ್ ಆಕ್ಸೈಡ್ ಅಂದರೆ ಬಣ್ಣ ಬೆರೆಸಿದ ಸಿಮೆಂಟು. ಹಳೆಯದಾದರೆ ಮೇಲೆ ಮೇಣವೋ ಎಣ್ಣೆಯೋ ತಿಕ್ಕಿ ಹೊಳಪು ತಂದಿರುತ್ತಾರೆ, ಗೋಂದು ಹಿಡಿಯಲ್ಲ. ಹೊಳಪು ಹೋದ ಕಡೆ ಕೆಂಪು ಪುಡಿ ಏಳುತ್ತದೆ, ಅಲ್ಲೂ ಹಿಡಿಯಲ್ಲ. ಬಿರುಕು ಸಣ್ಣದಾಗಿದ್ದರೆ ಸಿಮೆಂಟಿಗೆ ಅದೇ ಬಣ್ಣ ಬೆರೆಸಿ ತುಂಬಿ ಉಜ್ಜಿಸಿ. ಈ ಕೆಲಸ ಗೊತ್ತಿರುವ ಹಳೆ ಗಾರೆ ಮೇಸ್ತ್ರಿಗಳು ನಿಮ್ಮ ಕಡೆ ಇನ್ನೂ ಸಿಗಬಹುದು, ವಿಚಾರಿಸಿ. ಹೊಸ ಮನೆಗೆ ದುಡ್ಡು ಕೊಟ್ಟು ಆ ಕೆಂಪು ನೆಲ ಮಾಡಿಸಿಕೊಳ್ಳುವವರಿದ್ದಾರೆ, ನೀವು ಇರುವುದನ್ನು ಮುಚ್ಚುತ್ತೀರಾ?

ಪ್ರಶ್ನೆ: ಶಿಡ್ಲಘಟ್ಟ. ಒಲೆ ಹಿಂದಿನ ಗೋಡೆಗೆ ಎಣ್ಣೆ ಸಿಡಿಯದಿರಲಿ ಅಂತ ಬೆಳ್ಳಿ ಬಣ್ಣದ ಫಾಯಿಲ್ ಸ್ಟಿಕ್ಕರ್ ತಂದಿದ್ದೇವೆ. ಅದನ್ನೇ ಒಲೆ ಕೆಳಗೂ ಹಾಕಬಹುದಾ? ಅಲ್ಯೂಮಿನಿಯಂ ತಾನೇ, ಸುಡಲ್ಲ.

ಉತ್ತರ: ಅಲ್ಯೂಮಿನಿಯಂ ಸುಡಲ್ಲ, ಅದರ ಹಿಂದಿನ ಗೋಂದು, ಮೇಲಿನ ಪ್ಲಾಸ್ಟಿಕ್ ಪದರ ಎರಡೂ ಸುಡುತ್ತವೆ. ಒಲೆ ಕೆಳಗೆ ಬೇಡ. ಅಲ್ಲಿ ಬರೀ ಕಲ್ಲು ಇರಲಿ, ದಿನಾ ಒಲೆ ಎತ್ತಿ ಒರೆಸಿ. ಹಿಂದಿನ ಗೋಡೆ ಟೈಲ್ಸ್ ಆಗಿದ್ದು, ಬರ್ನರ್‌ನಿಂದ ಚೆನ್ನಾಗಿ ದೂರ ಇದ್ದರೆ ಹಾಕಬಹುದು. ದೊಡ್ಡ ಪಾತ್ರೆ ಇಟ್ಟಾಗ ಉರಿ ಹೊರಗೆ ಚಾಚುತ್ತದೆ, ಆ ಲೆಕ್ಕ ಹಿಡಿದು ದೂರ ನೋಡಿ.

ಇನ್ನೆರಡು ವಿಷಯ. ಫಾಯಿಲ್‌ನಲ್ಲಿ ಕರೆಂಟ್ ಹರಿಯುತ್ತದೆ. ಮಿಕ್ಸಿ ಪ್ಲಗ್ ಪಾಯಿಂಟ್, ಸ್ವಿಚ್ ಬೋರ್ಡ್ ಸುತ್ತ ಕಡಿಮೆ ಅಂದರೂ ಎರಡು ಇಂಚು ಬಿಡಿ, ಬೋರ್ಡಿನ ಒಳಕ್ಕೆ ತೂರಿಸಬೇಡಿ. ಚೆನ್ನಾಗಿ ಕಾಣಲಿ ಅಂತ ಗ್ಯಾಸ್ ಪೈಪಿಗೂ ಸುತ್ತಬೇಡಿ. ಪೈಪ್ ಬಿರುಕು ಬಿಟ್ಟರೆ ಕಣ್ಣಿಗೆ ಕಾಣಬೇಕು.

ಪ್ರಶ್ನೆ: ಗುಬ್ಬಿ ತಾಲ್ಲೂಕು ಚೇಳೂರಿನಿಂದ. ಹಲಸಿನ ಕಾಲ ಬಂದರೆ ನಮ್ಮ ಅಡುಗೆಮನೆ ಪೂರ್ತಿ ಅಂಟು. ಬಿಳಿ ಸ್ಟಿಕ್ಕರ್ ಮೇಲೆ ಹಲಸಿನ ಮೇಣ, ಅರಿಶಿನ ಎರಡೂ ಮೆತ್ತಿಕೊಂಡಿವೆ. ಹೇಗೆ ತೆಗೆಯುವುದು?

ಉತ್ತರ: ಚೇಳೂರಿನವರಿಗೆ ಹಲಸಿನ ಮೇಣ ತೆಗೆಯುವುದು ನಾನು ಹೇಳಿಕೊಡಬೇಕಾ! ಕೊಬ್ಬರಿ ಎಣ್ಣೆಯೇ. ಆದರೆ ಸ್ಟಿಕ್ಕರ್ ಮೇಲೆ ಸುರಿಯಬೇಡಿ. ಬಟ್ಟೆಗೆ ನಾಲ್ಕು ಹನಿ ಹಾಕಿ ಮೇಣದ ಮೇಲೆ ಮಾತ್ರ ತಿಕ್ಕಿ, ತಕ್ಷಣ ಸೋಪು ನೀರಲ್ಲಿ ಒರೆಸಿ. ಎಣ್ಣೆ ಅಂಚಿನೊಳಗೆ ಇಳಿದರೆ ಗೋಂದೂ ಮೇಣದ ಹಾಗೆಯೇ ಕರಗುತ್ತದೆ. ಹಣ್ಣು ಬಿಡಿಸುವುದನ್ನು ಹಿತ್ತಲಲ್ಲೇ ಪೇಪರ್ ಹಾಸಿ ಮಾಡಿದರೆ ಈ ಪಾಡೇ ಇಲ್ಲ.

ಅರಿಶಿನಕ್ಕೆ ಬಿಸಿಲೇ ಮದ್ದು. ಅದರ ಬಣ್ಣ ಬೆಳಕಿಗೆ ನಿಲ್ಲಲ್ಲ. ಕಿಟಕಿ ಪಕ್ಕದ ಕಲೆ ತಾನಾಗೇ ಮಾಸುತ್ತದೆ. ಮೂಲೆಯದ್ದಕ್ಕೆ ಅಡುಗೆ ಸೋಡಾವನ್ನು ನೀರಲ್ಲಿ ಕಲಸಿ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಮೆತ್ತಗೆ ಒರೆಸಿ. ಸ್ಪಿರಿಟ್ ಹಾಕುವ ಮುಂಚೆ ಕಾಣದ ಮೂಲೆಯಲ್ಲಿ ನೋಡಿ, ಕೆಲವು ಶೀಟುಗಳ ಇಂಕೇ ಕಿತ್ತು ಬರುತ್ತದೆ. ಸ್ಟೀಲ್ ನಾರು ಮುಟ್ಟಿಸಲೇಬೇಡಿ. ಗೀಚು ಬಿದ್ದ ಕಡೆ ಮುಂದಿನ ಸಲ ಅರಿಶಿನ ಇನ್ನೂ ಆಳಕ್ಕೆ ಕೂರುತ್ತದೆ. ಉಪ್ಪಿನಕಾಯಿ ಹಾಕುವ ದಿನ ಒಂದು ಹಳೆ ಪ್ಲಾಸ್ಟಿಕ್ ಹಾಳೆ ಹಾಸಿಕೊಂಡರೆ ಸಾಕು.

ಪ್ರಶ್ನೆ: ಶಿರಾದಲ್ಲಿ ಬಾಡಿಗೆ ಮನೆ, ಮುಂದಿನ ತಿಂಗಳು ಖಾಲಿ ಮಾಡಬೇಕು. ಕಟ್ಟೆ ಸ್ಟಿಕ್ಕರ್ ಕೀಳಲು ಹೋದರೆ ಚೂರು ಚೂರಾಗಿ ಬರುತ್ತಿದೆ, ಕೆಳಗೆ ಅಂಟು ಹಾಗೇ ಉಳಿಯುತ್ತೆ. ಸೀಮೆಎಣ್ಣೆ ಹಾಕಿ ಅಂತ ಪಕ್ಕದ ಮನೆಯವರು ಹೇಳಿದರು.

ಉತ್ತರ: ಸೀಮೆಎಣ್ಣೆ ಬೇಡ. ಅಡುಗೆಮನೆಯಲ್ಲಿ ಅದು ಅಪಾಯ, ಜೊತೆಗೆ ಕಲ್ಲು ಕುಡಿದುಬಿಟ್ಟರೆ ದೊಡ್ಡ ಕಪ್ಪು ಕಲೆ ಉಳಿಯುತ್ತದೆ, ಮಾಲೀಕರು ಅದನ್ನೇ ಹಿಡಿದುಕೊಳ್ಳುತ್ತಾರೆ.

ತಣ್ಣಗಿರುವಾಗ ಕಿತ್ತರೆ ಚೂರಾಗುತ್ತದೆ. ಹಳೆಯದಾದಷ್ಟೂ ವಿನೈಲ್‌ನಲ್ಲಿರುವ ಮೆತ್ತಗಾಗಿಸುವ ಅಂಶ ಹೋಗಿ ಪೆಡಸಾಗುತ್ತದೆ. ಹೇರ್ ಡ್ರೈಯರ್‌ನಲ್ಲಿ ಒಂದು ಗೇಣು ಜಾಗ ಕಾಯಿಸಿ, ಕೈಗೆ ಬೆಚ್ಚಗೆ ಅನ್ನಿಸಿದಾಗ ಮೂಲೆ ಎತ್ತಿ. ಮೇಲಕ್ಕೆ ಎಳೆಯಬೇಡಿ. ಹಾಳೆಯನ್ನು ಹಿಂದಕ್ಕೆ ಮಡಚಿ, ಕಟ್ಟೆಗೆ ಒರಗಿಸಿದ ಹಾಗೆ, ನಿಧಾನಕ್ಕೆ ಎಳೆಯಿರಿ. ಅವಸರ ಮಾಡಿದರೆ ಗೋಂದು ಕಲ್ಲಲ್ಲೇ ಉಳಿಯುತ್ತದೆ. ಡ್ರೈಯರ್ ಇಲ್ಲದಿದ್ದರೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಟವೆಲ್ ಹತ್ತು ನಿಮಿಷ ಹಾಸಿದರೂ ನಡೆಯುತ್ತದೆ.

ಉಳಿದ ಗೋಂದಿಗೆ ನೀಲಗಿರಿ ಎಣ್ಣೆ ಒಳ್ಳೆಯದು. ಸ್ವಲ್ಪವೇ ಹಚ್ಚಿ, ಐದು ನಿಮಿಷ ಬಿಟ್ಟು ಪ್ಲಾಸ್ಟಿಕ್ ಸ್ಕೇಲಿನಲ್ಲಿ ಕೆರೆಯಿರಿ, ಚಾಕು ಬೇಡ. ಉಂಡೆ ಉಂಡೆಯಾಗಿ ಬರುತ್ತದೆ. ಆಮೇಲೆ ಸೋಪು ಬಿಸಿನೀರು. ಕೊನೆಗೆ ಸ್ಪಿರಿಟ್, ಒಲೆ ಆರಿಸಿ. ಕಡಪ ಕಲ್ಲಾಗಿದ್ದರೆ ಮುಚ್ಚಿದ್ದ ಭಾಗಕ್ಕೂ ಮುಚ್ಚದ ಭಾಗಕ್ಕೂ ಬಣ್ಣದಲ್ಲಿ ವ್ಯತ್ಯಾಸ ಕಾಣಬಹುದು. ಬಳಸುತ್ತಾ ಬಂದರೆ ಅದು ಹೊಂದಿಕೊಳ್ಳುತ್ತದೆ, ಮಾಲೀಕರಿಗೆ ಹಾಗೇ ಹೇಳಿ.

ಕಿತ್ತ ಹಾಳೆಯನ್ನು ಹಂಡೆ ಒಲೆಗೆ ಹಾಕಬೇಡಿ, ಕಸದ ಜೊತೆ ಬೀದಿಯಲ್ಲೂ ಸುಡಬೇಡಿ. ಪಿವಿಸಿ ಸುಟ್ಟರೆ ಆಸಿಡ್ ಹೊಗೆ ಬರುತ್ತದೆ, ಕಣ್ಣು ಗಂಟಲು ಉರಿಯುತ್ತದೆ. ಒಣ ಕಸದ ಚೀಲಕ್ಕೆ ಹಾಕಿ, ಗಾಡಿ ಬಂದಾಗ ಕೊಟ್ಟುಬಿಡಿ.